ತಪ್ಪು ಇಂಗ್ಲಿಷಿನ ಹಿಂದಿದೆ ಸರಿ ಕನ್ನಡ!

ಸಂಜೆ ಏಳು ಗಂಟೆ. ಕುಕ್ಕರ್ ಮೂರನೇ ಸಲ ಕೂಗಿದೆ. ಮೂರನೇ ಕ್ಲಾಸಿನ ಮಗರಾಯ ನೋಟ್‌ಬುಕ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾನೆ. 'ಐ ಯೆಸ್ಟರ್‌ಡೇ ಮಾರ್ಕೆಟ್ ವೆಂಟ್' ಅಂತ ಬರೆದಿದ್ದಾನೆ. ನಿಮಗೆ ರೇಗುತ್ತೆ. 'ಇಷ್ಟು ಫೀಸು ಕಟ್ಟಿ ಓದಿಸ್ತೀವಿ, ಒಂದು ವಾಕ್ಯ ನೆಟ್ಟಗೆ ಬರೆಯೋಕಾಗಲ್ವಾ?' ಅಂತ ತಲೆಗೆ ಮೊಟಕುತ್ತೀರಿ. ಮಗು ಅಳುತ್ತೆ. ಒಳಗೊಳಗೇ ನಿಮಗೂ ಅಳುಕು: 'ನನ್ನ ಇಂಗ್ಲಿಷೇ ಅಷ್ಟಕ್ಕಷ್ಟೆ, ನಾನೇನು ಹೇಳಿಕೊಡಲಿ?'

ಸ್ವಲ್ಪ ತಾಳಿ. ಆ ವಾಕ್ಯವನ್ನು ಇನ್ನೊಮ್ಮೆ ಓದಿ. 'ನಾನು ನಿನ್ನೆ ಮಾರ್ಕೆಟ್‌ಗೆ ಹೋದೆ.' ಪದಗಳ ಸಾಲು ಅದೇ ಅಲ್ವಾ? ಮಗು ದಡ್ಡ ಅಲ್ಲ. ಮನಸ್ಸಿನಲ್ಲಿ ಸರಿಯಾದ ಕನ್ನಡ ವಾಕ್ಯ ಕಟ್ಟಿ, ಅದೇ ಸಾಲಿನಲ್ಲಿ ಇಂಗ್ಲಿಷ್ ಪದ ಜೋಡಿಸಿದೆ, ಅಷ್ಟೆ. 'ವೆಂಟ್' ಅಂತ ಭೂತಕಾಲವನ್ನೂ ಸರಿಯಾಗೇ ಬರೆದಿದೆ! ಈ ತಪ್ಪಿನ ಮೂಲ ಹಿಡಿಯೋಕೆ ನಿಮಗೆ ಗೊತ್ತಿರೋ ಕನ್ನಡವೇ ಸಾಕು.

ಎಲ್ಲಿ ಎಡವುತ್ತಾರೆ?

* ಕ್ರಿಯಾಪದದ ಜಾಗ: ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತೆ.

* 'ಈಸ್' ಮರೆಯೋದು: 'ಅವಳು ನನ್ನ ಗೆಳತಿ' ಅಂದರೆ ನಮ್ಮಲ್ಲಿ ವಾಕ್ಯ ಮುಗಿಯಿತು. ಅದಕ್ಕೇ ಮಗು 'ಶಿ ಮೈ ಫ್ರೆಂಡ್' ಅಂತ ಬರೆಯುತ್ತೆ.

* ಮೇಲೆ, ಒಳಗೆ: ನಾವು 'ಟೇಬಲ್ ಮೇಲೆ' ಅಂತೀವಿ. ಇಂಗ್ಲಿಷಿನಲ್ಲಿ 'ಮೇಲೆ' ಮೊದಲು, 'ಟೇಬಲ್' ಆಮೇಲೆ: 'ಆನ್ ದ ಟೇಬಲ್'.

* 'ಎಸ್' ಬಿಡೋದು: ಅವನು ಹಾಡ್ತಾನೆ, ಅವಳು ಹಾಡ್ತಾಳೆ ಅಂತ ನಮ್ಮ ಕ್ರಿಯಾಪದ ಬದಲಾಗೋದನ್ನು ನೆನಪಿಸಿ. ಇಂಗ್ಲಿಷಿನ ವರ್ತಮಾನ ಕಾಲದಲ್ಲಿ 'ಹಿ', 'ಶಿ', 'ಇಟ್' ಬಂದಾಗ 'ಸಿಂಗ್' ಹೋಗಿ 'ಸಿಂಗ್ಸ್' ಆಗುತ್ತೆ.

* 'ಎ' ಮತ್ತು 'ಆ್ಯನ್': ಇದನ್ನು ನಿರ್ಧರಿಸೋದು ಅಕ್ಷರವಲ್ಲ, ಉಚ್ಚಾರ. 'ಯು' ಅಕ್ಷರದಿಂದ ಶುರುವಾದರೂ 'ಎ ಯೂನಿಫಾರ್ಮ್', ಆದರೆ 'ಆ್ಯನ್ ಅಂಬ್ರೆಲಾ'. ಜೋರಾಗಿ ಹೇಳಿಸಿ, ಕಿವಿಯೇ ಕಲಿಸುತ್ತೆ.

ಹೀಗೆ ಮಾಡಿ ನೋಡಿ

ಹಳೇ ಲಗ್ನಪತ್ರಿಕೆ ಎಸೆಯಬೇಡಿ. ಖಾಲಿ ಭಾಗವನ್ನು ಚೀಟಿಗಳಾಗಿ ಕತ್ತರಿಸಿ. ಒಂದೊಂದರ ಮೇಲೆ 'ಅಮ್ಮ', 'ಅನ್ನ', 'ಮಾಡುತ್ತಾಳೆ' ಅಂತ ಬರೆದು ಸಾಲಾಗಿ ಇಡಿ. ಹಿಂಬದಿಯಲ್ಲಿ 'ಮದರ್', 'ರೈಸ್', 'ಕುಕ್ಸ್' ಇರಲಿ. ಈಗ ಒಂದೊಂದೇ ಚೀಟಿ ಮಗುಚಿಸಿ, ಓದಿಸಿ. 'ಮದರ್ ರೈಸ್ ಕುಕ್ಸ್!' ಕೊನೆಯ ಚೀಟಿಯನ್ನು ಮಧ್ಯಕ್ಕೆ ತರೋಕೆ ಹೇಳಿ. ಪಟ್ ಅಂತ ಸರಿಯಾಯಿತು. ನಾಲ್ಕು ದಿನ ಆಡಿದರೆ ಮಗುವೇ ಹೊಸ ವಾಕ್ಯ ಮಾಡಿ ನಿಮ್ಮನ್ನು ಪರೀಕ್ಷೆ ಮಾಡುತ್ತೆ.

ಬರವಣಿಗೆಗೆ ದಿನಕ್ಕೆ ಮೂರೇ ವಾಕ್ಯ ಸಾಕು. ಇವತ್ತು ಏನು ತಿಂದೆ, ಯಾರ ಜೊತೆ ಆಡಿದೆ, ಯಾಕೆ ನಗು ಬಂತು? ಮೊದಲು ಕನ್ನಡದಲ್ಲಿ ಹೇಳಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ, ಕೊನೆಗೆ ಬರೆಯಲಿ. ಹೇಳೋಕೆ ವಿಷಯವೇ ಇಲ್ಲದಿದ್ದರೆ ವ್ಯಾಕರಣ ತಗೊಂಡು ಏನು ಮಾಡೋದು? 'ಮನೇಲಿ ಇಂಗ್ಲಿಷೇ ಮಾತಾಡಿ' ಅಂತ ಯಾರಾದರೂ ಹೇಳಿದರೂ, ಅಜ್ಜಿ ಕಥೆ ಮಾತ್ರ ನಿಲ್ಲಿಸಬೇಡಿ.

ತಿದ್ದುವಾಗ ಒಂದು ದಿನಕ್ಕೆ ಒಂದೇ ಬಗೆಯ ತಪ್ಪು ಹಿಡಿಯಿರಿ, ಉಳಿದದ್ದು ನಾಳೆಗಿರಲಿ. ಪುಟದ ತುಂಬ ಕೆಂಪು ಗೀಟು ಬೇಡ. 'ಓ, ಯೂ ವೆಂಟ್ ಟು ದ ಮಾರ್ಕೆಟ್ ಯೆಸ್ಟರ್‌ಡೇ?' ಅಂತ ಸರಿಯಾದ ವಾಕ್ಯವನ್ನು ಮಾತಿನಲ್ಲೇ ತಿರುಗಿಸಿ ಹೇಳಿ.

ನಿಮಗೇ ಗೊತ್ತಾಗದಿದ್ದರೆ? 'ನಂಗೂ ಗೊತ್ತಿಲ್ಲ ಪುಟ್ಟಾ, ಬಾ ಇಬ್ಬರೂ ಡಿಕ್ಷನರಿ ನೋಡೋಣ' ಅನ್ನಿ. ಅದರಲ್ಲಿ ನಾಚಿಕೆ ಏನು ಬಂತು? ಕಾಗುಣಿತ, ವ್ಯಾಕರಣ ಇವತ್ತಲ್ಲ ನಾಳೆ ಬರುತ್ತೆ. ಆದರೆ ಮೊಟಕು ತಿಂದ ಮಗು ನಾಳೆ ನೋಟ್‌ಬುಕ್ ಬಚ್ಚಿಡೋಕೆ ಶುರು ಮಾಡಿದರೆ, ತಿದ್ದೋದಾದರೂ ಏನನ್ನು, ಹೇಳಿ?