ನಮ್ಮ ಕರಿಕಲ್ಲು, ಜಪಾನಿನ ಪಿತೃಗಳು

ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗೋದು ಹೊಸ ಸುದ್ದಿಯಲ್ಲ. ಅಲ್ಲಿಗೆ ಹೋಗಿ ಏನಾಗುತ್ತದೆ ಅನ್ನೋದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಜಪಾನಿನಲ್ಲಿ ಅದು ಸಮಾಧಿ ಕಲ್ಲು!

ಅಲ್ಲಿ ಸಾಮಾನ್ಯವಾಗಿ ಒಂದು ಮನೆತನಕ್ಕೆ ಒಂದೇ ಸಮಾಧಿ. ಸತ್ತವರನ್ನು ಸುಟ್ಟು, ಅಸ್ಥಿಯನ್ನು ಕಲ್ಲಿನ ಕೆಳಗೆ ಇಡುತ್ತಾರೆ. ಓಬಾನ್ ಹಬ್ಬಕ್ಕೆ ಮಕ್ಕಳು ಮೊಮ್ಮಕ್ಕಳು ಊರಿಗೆ ಬಂದು, ಕಲ್ಲಿಗೆ ನೀರು ಹುಯ್ದು ತೊಳೆದು, ಹೂವಿಟ್ಟು ಊದುಬತ್ತಿ ಹಚ್ಚುತ್ತಾರೆ. ನಮ್ಮ ಪಿತೃಪಕ್ಷದ ಹಾಗೇ ಅನ್ನಿ.

ಇದು ತಿಳಿದರೆ ವ್ಯಾಪಾರದ ಗುಟ್ಟೂ ತಿಳಿಯಿತು. ಕೂದಲೆಳೆಯಷ್ಟು ಬಿಳಿ ಗೆರೆ ಕಂಡರೂ ಕೊಳ್ಳುವವನು ಮುಖ ತಿರುಗಿಸುವುದು ಜಂಬಕ್ಕಲ್ಲ. ಮನೆತನದ ಹೆಸರು ಕೆತ್ತುವ ಕಲ್ಲದು.

ಆದರೆ ತಿಳಿವಳಿಕೆ ಎರಡೂ ಕಡೆ ಇರಬೇಕಲ್ಲ? 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ಅದು ಬಿಳಿಕಲ್ಲಿನ ಕ್ವಾರಿ, ನಿಜ. ಕಲ್ಲು ಕರಿಯದಾದರೇನು, ಬಿಳಿಯದಾದರೇನು, ಕೆಳಗೆ ನಿಂತವನ ಜೀವ ಒಂದೇ.

ಸತ್ತವರಿಗೆ ಇಷ್ಟು ಮರ್ಯಾದೆ ಕೊಡುವ ಜನಕ್ಕೆ, ಬದುಕಿದ್ದು ಕಲ್ಲು ಸೀಳುವವನ ಕಷ್ಟ ಹೇಳಿದರೆ ಅರ್ಥವಾಗದೆ ಇರುತ್ತದೆಯೇ? ಹೇಳಬೇಕಾದವರು ಕಲ್ಲು ಮಾರಲು ಹೋಗುವ ನಮ್ಮ ವರ್ತಕರು. ರೇಟಿನ ಮಾತು ಮುಗಿದ ಮೇಲೆ ಇದೂ ಒಂದು ಮಾತು ಬರಲಿ.