ಪಂಕ್ತಿ ಎದ್ದ ಮೇಲೆ: ಹಸಿ ಕಸ, ಪಾಲಿಕೆ ಮತ್ತು ನಾವು



ಊಟ ಹೇಗಿತ್ತು ಎಂದು ಹೇಳುವವರಿಗೆ ನಮ್ಮ ವೃತ್ತಿಯಲ್ಲಿ ಕೊರತೆಯಿಲ್ಲ. ಸಾರಿಗೆ ಒಗ್ಗರಣೆ ಸಾಲದು ಎನ್ನುವವರಿದ್ದಾರೆ, ಹೋಳಿಗೆ ಮೆತ್ತಗಿತ್ತು ಎಂದು ಹೊಗಳುವವರೂ ಇದ್ದಾರೆ. ಆದರೆ ಪಂಕ್ತಿ ಎದ್ದ ಮೇಲೆ ಆ ಎಲೆಗಳು ಎಲ್ಲಿಗೆ ಹೋದವು ಎಂದು ಬಹುಕಾಲ ಯಾರೂ ಕೇಳಲಿಲ್ಲ. ಈಗ ಕೇಳುವವರು ಬಂದಿದ್ದಾರೆ. ನಾವು ಅನ್ನ ಕಂಡುಕೊಂಡಿರುವ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳ ಪಾಲಿಕೆಗಳು ಪರಿಸರದ ಸಲುವಾಗಿ ಕೈಗೊಂಡ ಕೆಲಸಗಳಲ್ಲಿ ನಮ್ಮ ಅಡುಗೆಮನೆಗೆ ನೇರವಾಗಿ ತಾಗುವುದು ಹಸಿ ಕಸದ ವಿಂಗಡಣೆ. ಮುಂಬಯಿ-ಪುಣೆಯವರ ಬಾಯಲ್ಲಿ ಅದು "ಓಲಾ ಕಚರಾ, ಸುಕಾ ಕಚರಾ". ಇದನ್ನು ದಂಡದ ಭಯದಿಂದ ನೋಡುವ ಬದಲು ಕಸುಬಿನ ಒಂದು ಭಾಗವಾಗಿಯೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ವಿವರಿಸಿದ್ದೇವೆ.

ಕಾನೂನು ನಮ್ಮ ಬಾಗಿಲಿಗೆ ಬಂದದ್ದು

ನಗರಗಳ ಘನತ್ಯಾಜ್ಯದ ಬಗ್ಗೆ ಕೇಂದ್ರ ಸರಕಾರ 2000ದಲ್ಲಿಯೇ ನಿಯಮಗಳನ್ನು ಮಾಡಿತ್ತು. ಆಗ ಹೊಣೆಯೆಲ್ಲ ಹೆಚ್ಚುಕಡಿಮೆ ಪಾಲಿಕೆಯ ತಲೆಯ ಮೇಲಿತ್ತು. 2016ರ ಏಪ್ರಿಲ್‌ನಲ್ಲಿ ಬಂದ ಹೊಸ ನಿಯಮಗಳು ಕಸ ಮಾಡುವವರನ್ನೂ ಹೊಣೆಗಾರರನ್ನಾಗಿ ಮಾಡಿದವು. 2016ರ ಆ ನಿಯಮಗಳಲ್ಲಿ ಎರಡು ಮಾತು ನಮಗೆ ಮುಖ್ಯವಾಗಿದ್ದವು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಹೋಟೆಲು, ಹಾಲು, ಸಂಸ್ಥೆಗಳೆಲ್ಲ "ದೊಡ್ಡ ಪ್ರಮಾಣದ ಕಸ ಉತ್ಪಾದಕರು" ಎಂಬುದು ಮೊದಲನೆಯದಾಗಿತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭ ಮಾಡುವುದಾದರೆ ಕನಿಷ್ಠ 3 ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲಿಯೇ ಬೇರ್ಪಡಿಸಿ ಒಪ್ಪಿಸಬೇಕು ಎಂಬುದು ಎರಡನೆಯದಾಗಿತ್ತು. ಮೈದಾನದಲ್ಲಿ ಶಾಮಿಯಾನ ಹಾಕಿ, ಸೊಸೈಟಿಯ ಅಂಗಳದಲ್ಲಿ ಪೆಂಡಾಲ್ ಕಟ್ಟಿ ಊಟ ಹಾಕುವ ನಮ್ಮಲ್ಲಿ ಎಷ್ಟು ಮಂದಿಗೆ ಈ ಎರಡನೆಯ ಮಾತು ಗೊತ್ತಿತ್ತು?

ಮುಂಬಯಿ ಮಹಾನಗರ ಪಾಲಿಕೆ ಇದನ್ನು ಹಿಡಿದುಕೊಂಡು 2017ರ ಅಕ್ಟೋಬರ್ 2ರ ಗಡುವು ಹಾಕಿತು. 20,000 ಚದರ ಮೀಟರಿಗಿಂತ ದೊಡ್ಡ ಸೊಸೈಟಿಗಳೂ, ದಿನಕ್ಕೆ 100 ಕಿಲೋಗಿಂತ ಹೆಚ್ಚು ಹಸಿ ಕಸ ಮಾಡುವವರೂ ತಮ್ಮ ಆವರಣದಲ್ಲಿಯೇ ಅದನ್ನು ಸಂಸ್ಕರಿಸಿಕೊಳ್ಳಬೇಕು ಎಂದಿತು.

ನೂರು ಕಿಲೋ ಎಂದರೆ ಬಹಳವಾಯಿತು, ನಮ್ಮದು ಸಣ್ಣ ಕೇಟರಿಂಗ್ ಎಂದು ಅನ್ನಿಸಬಹುದು. ಒಂದು ಮನೆ ಲೆಕ್ಕ ಹಾಕಿ ನೋಡೋಣ. 500 ಎಲೆಯ ಮದುವೆ ಊಟದಲ್ಲಿ ಬಾಳೆ ಎಲೆ ಮತ್ತು ಬಿಟ್ಟ ಊಟ ಸೇರಿ ತಲೆಗೆ 200 ಗ್ರಾಂ ಎಂದು ಹಿಡಿದರೂ ಅಲ್ಲಿಗೆ 100 ಕಿಲೋ ಆಯಿತು. ಕುಂಬಳದ ಸಿಪ್ಪೆ, ಬೀನ್ಸಿನ ತುದಿ, ಕೋಸಿನ ಹೊರ ಎಲೆ, ತಳದಲ್ಲಿ ಉಳಿದ ಅನ್ನ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಕಸದ ಗುಡ್ಡ ಉರಿಯುವುದೇಕೆ

ಪಾಲಿಕೆಗಳು ಇಷ್ಟು ಬಿಗಿಯಾದದ್ದಕ್ಕೆ ಕಾರಣ ಮುಂಬಯಿಯವರಿಗೆ ನೆನಪಿದ್ದೇ ಇದೆ. ದೇವನಾರ್‌ನಲ್ಲಿ 1927ರಿಂದ ಕಸ ಸುರಿಯಲಾಗುತ್ತಿದೆ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಹತ್ತಿದ ಬೆಂಕಿಯ ಹೊಗೆ ದಿನಗಟ್ಟಲೆ ನಗರವನ್ನು ಕವಿದಿತ್ತು. ಪುಣೆಯ ಕಸ ಹೋಗುತ್ತಿದ್ದ ಉರುಳಿ ದೇವಾಚಿ-ಫುರಸುಂಗಿಯಲ್ಲಿ 2017ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದಾಗ ಗ್ರಾಮಸ್ಥರು ವಾರಗಟ್ಟಲೆ ಲಾರಿಗಳನ್ನು ತಡೆದರು, ಪುಣೆಯ ಬೀದಿಗಳಲ್ಲಿ ಕಸ ರಾಶಿಯಾಯಿತು. ದೆಹಲಿಯ ಗಾಜಿಪುರದ ಗುಡ್ಡ 2017ರ ಸೆಪ್ಟೆಂಬರ್‌ನಲ್ಲಿ ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು.

ಈ ಗುಡ್ಡಗಳಲ್ಲಿ ಕೇಡಿನ ಮೂಲ ಹಸಿ ಕಸ. ಅನ್ನ, ಪಲ್ಯ, ಸಿಪ್ಪೆ ಗಾಳಿಯಾಡದ ಕಡೆ ಅಡಿಗೆ ಬಿದ್ದು ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ಅದಕ್ಕೆ ಕಿಡಿ ತಾಗಿದರೆ ಆರಿಸುವುದು ಕಷ್ಟ, ಅದರ ಜೊತೆ ಪ್ಲಾಸ್ಟಿಕ್ಕೂ ಉರಿಯುತ್ತದೆ. ಕೆಳಗೆ ಇಳಿಯುವ ಕಪ್ಪು ನೀರು ಸುತ್ತಲ ಬಾವಿಗಳನ್ನು ಕೆಡಿಸುತ್ತದೆ. ಆದರೆ ಅದೇ ಅನ್ನ, ಅದೇ ಸಿಪ್ಪೆ ಮುಚ್ಚಿದ ತೊಟ್ಟಿಯೊಳಗೆ ಕೊಳೆತರೆ ಅದೇ ಮೀಥೇನ್ ಒಲೆ ಉರಿಸುತ್ತದೆ, ಉಳಿದ ರಾಡಿ ಗೊಬ್ಬರವಾಗುತ್ತದೆ.

ಒಲೆಗೆ ಮರಳಿದ ಕಸ

ಇದು ಬರಿಯ ಪುಸ್ತಕದ ಮಾತಲ್ಲ. ಹೈದರಾಬಾದಿನ ಬೋಯಿನಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 10 ಟನ್ ತರಕಾರಿ ಕಸವಾಗುತ್ತದೆ. ಅಲ್ಲಿಯೇ ಇರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ತಂತ್ರಜ್ಞಾನದಿಂದ ಸ್ಥಾಪಿಸಿದ ಘಟಕ ಅದರಿಂದ ದಿನಕ್ಕೆ ಸುಮಾರು 500 ಯೂನಿಟ್ ವಿದ್ಯುತ್ತನ್ನೂ 30 ಕಿಲೋದಷ್ಟು ಅನಿಲವನ್ನೂ ಕೊಡುವಂತೆ ರೂಪುಗೊಂಡಿತು. ಅನಿಲ ಹೋಗುವುದು ಮಾರುಕಟ್ಟೆಯ ಕ್ಯಾಂಟೀನಿನ ಒಲೆಗೆ. ತರಕಾರಿಯ ಸಿಪ್ಪೆಯಿಂದಲೇ ತರಕಾರಿ ಬೇಯುವ ಈ ವ್ಯವಸ್ಥೆಯನ್ನು ಪ್ರಧಾನಿಯವರು 2021ರ ಜನವರಿಯ "ಮನ್ ಕೀ ಬಾತ್"ನಲ್ಲಿ ಪ್ರಸ್ತಾಪಿಸಿದ್ದರು.

ಮುಂಬಯಿಯಲ್ಲಿ ಇದರ ಬೇರು ಇನ್ನೂ ಹಳೆಯದು. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಡಾ. ಶರದ್ ಕಾಳೆಯವರು "ನಿಸರ್ಗಋಣ" ಎಂಬ ಘಟಕವನ್ನು ರೂಪಿಸಿದರು. ಹಸಿ ಕಸವನ್ನು ಅರೆದು, ಬಿಸಿ ನೀರು ಬೆರೆಸಿ, ಮೊದಲು ಗಾಳಿಯಿರುವ ತೊಟ್ಟಿಯಲ್ಲಿ, ಆಮೇಲೆ ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಸುವುದು ಅದರ ಕ್ರಮ. ಮೊದಲ ಹಂತದಲ್ಲಿಯೇ ಕಸ ಮೆತ್ತಗಾಗುವುದರಿಂದ ಎರಡನೆಯ ಹಂತ ಬೇಗ ಮುಗಿಯುತ್ತದೆ. ದೇಶದ ಹಲವು ಪಾಲಿಕೆಗಳು ಇದನ್ನು ಅಳವಡಿಸಿಕೊಂಡವು. 2022ರ ಮೇ ತಿಂಗಳಲ್ಲಿ ಮುಂಬಯಿಯ ಹಾಜಿ ಅಲಿ ಬಳಿ ಆಹಾರ ತ್ಯಾಜ್ಯದ ವಿದ್ಯುತ್ತಿನಿಂದ ವಾಹನಗಳಿಗೆ ಚಾರ್ಜ್ ಮಾಡುವ ಕೇಂದ್ರವೂ ಆರಂಭವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಇಂದೋರಿನಲ್ಲಿ ದಿನಕ್ಕೆ 550 ಟನ್ ಹಸಿ ಕಸ ಅರಗಿಸುವ ಘಟಕ ಉದ್ಘಾಟನೆಯಾಯಿತು, ಅದರ ಅನಿಲ ಊರಿನ ಬಸ್ಸುಗಳಿಗೆ ಹೋಗುವಂತೆ ಏರ್ಪಾಡಾಯಿತು.

ಪುಣೆ ಹಿಡಿದ ದಾರಿ ಮನುಷ್ಯರದು. ಅಲ್ಲಿ ಕಸ ಆಯುವವರು 1993ರಲ್ಲಿ "ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್" ಎಂಬ ಸಂಘಟನೆ ಕಟ್ಟಿಕೊಂಡರು. ಅದರಿಂದ ಹುಟ್ಟಿದ "ಸ್ವಚ್ಛ" ಸಹಕಾರ ಸಂಘದೊಡನೆ ಪಾಲಿಕೆ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಮನೆಮನೆಯಿಂದ ಕಸ ಎತ್ತುವ ಇದರ ಸದಸ್ಯರಲ್ಲಿ ಹೆಚ್ಚಿನವರು ಹೆಂಗಸರು. ಒಣ ಕಸ ಮಾರಿದ ಹಣ ಅವರ ಸಂಪಾದನೆಯ ಒಂದು ಭಾಗ. ಸಾಂಬಾರು ಸುರಿದ ಕಾಗದ, ಮೊಸರನ್ನ ಮೆತ್ತಿದ ಬಾಟಲಿ ಅವರಿಗೆ ಪ್ರಯೋಜನಕ್ಕೆ ಬಾರದು. ಎಂಜಲಿನೊಳಗೆ ಒಡೆದ ಗಾಜು ಬಿದ್ದಿದ್ದರೆ ಕೊಯ್ಯುವುದು ಅವರ ಕೈ.

ಯಂತ್ರಕ್ಕಾಗಲಿ ಈ ಹೆಂಗಸರಿಗಾಗಲಿ ಬೇಕಾದದ್ದು ಒಂದೇ, ಬೆರೆಯದ ಕಸ. ಹಸಿ ಕಸದೊಳಗೆ ಪ್ಲಾಸ್ಟಿಕ್ ಚಮಚ, ನೀರಿನ ಲೋಟ, ಬೀಡಾ ಸುತ್ತಿದ ಹಾಳೆ ಸೇರಿದರೆ ಅರೆಯುವ ಯಂತ್ರ ಸಿಕ್ಕಿಕೊಳ್ಳುತ್ತದೆ, ಪಂಪು ಕಟ್ಟಿಕೊಳ್ಳುತ್ತದೆ. ಕೋಟಿಗಟ್ಟಲೆ ಹಾಕಿ ಕಟ್ಟಿದ ಘಟಕವಾದರೂ ನಿಲ್ಲಬೇಕಾದದ್ದೇ. ಬೆರೆತ ಮೇಲೆ ಬೇರ್ಪಡಿಸುವುದು ಸಾಂಬಾರಿಗೆ ಬಿದ್ದ ಉಪ್ಪನ್ನು ತೆಗೆದಂತೆಯೇ ಸರಿ.

ಕೆಡುವುದು ಎಲ್ಲಿ

ನಮ್ಮ ಕಸುಬಿನಲ್ಲಿ ಇದು ಕೆಡುವ ಗಳಿಗೆ ಯಾವುದೆಂದು ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಮಧ್ಯಾಹ್ನ ಮೂರೂವರೆ. ಕೊನೆಯ ಪಂಕ್ತಿ ಈಗಷ್ಟೇ ಎದ್ದಿದೆ. ಸಂಜೆಯ ಪಾರ್ಟಿಯವರ ಹೂವಿನ ಅಲಂಕಾರದವರು ಬಾಗಿಲಲ್ಲಿ ನಿಂತಿದ್ದಾರೆ. ನಾಲ್ಕಕ್ಕೆ ಖಾಲಿ ಮಾಡಿ ಎಂದು ಹಾಲಿನ ಮ್ಯಾನೇಜರ್ ಎರಡು ಸಲ ಹೇಳಿ ಹೋಗಿದ್ದಾರೆ. ಬಡಿಸಿದ ಹುಡುಗರು ಇನ್ನೂ ಉಂಡಿಲ್ಲ. ಆ ಹೊತ್ತಿನಲ್ಲಿ ಎಲೆ, ಲೋಟ, ಬಾಟಲಿ, ಹೂವು, ಕಾಗದ ಎಲ್ಲವೂ ಒಂದೇ ಕಪ್ಪು ಚೀಲಕ್ಕೆ ಹೋಗುತ್ತವೆ. ಆಮೇಲೆ ಪಾಲಿಕೆಯವರು ಬಂದು ಹಾಲಿಗೆ ದಂಡ ಹಾಕುತ್ತಾರೆ, ಹಾಲಿನವರು ಕೇಟರರ್ ಕಡೆ ಕೈ ತೋರಿಸುತ್ತಾರೆ, ಕೇಟರರ್ ಕೇಳಿದರೆ ಯಜಮಾನರು "ಅದು ನಿಮ್ಮ ಕೆಲಸವಲ್ಲವೇ" ಎನ್ನುತ್ತಾರೆ. ಕೊನೆಗೆ ಡಿಪಾಸಿಟ್ಟಿನಲ್ಲಿ ಹಣ ಕಡಿತವಾಗುವುದು ನಮಗೇ.

ಆದ್ದರಿಂದ ವಿಂಗಡಣೆ ಮೂರೂವರೆಗೆ ಮಾಡುವ ಕೆಲಸವಾಗಬಾರದು. ಅದು ಆರ್ಡರ್ ಒಪ್ಪಿಕೊಳ್ಳುವ ದಿನವೇ ಆರಂಭವಾಗಬೇಕು.

ನಾವು ಮಾಡಬಹುದಾದ ಕೆಲಸಗಳು

1. ಆರ್ಡರ್ ಬರೆಯುವಾಗಲೇ "ಹಸಿ ಕಸ ಯಾರ ಹೊಣೆ, ಎಷ್ಟು ಹೊತ್ತಿಗೆ, ಯಾರ ಗಾಡಿಗೆ" ಎಂದು ಒಂದು ಸಾಲು ಸೇರಿಸಿ. ಹಾಲಿನವರಿಗೂ ಯಜಮಾನರಿಗೂ ತೋರಿಸಿ ಸಹಿ ಪಡೆಯಿರಿ. ಬಯಲಿನ ಸಮಾರಂಭವಾದರೆ ವಾರ್ಡ್ ಆಫೀಸಿಗೆ ತಿಳಿಸಿದ ಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳಿ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಈಗಿನದನ್ನು ಅಲ್ಲಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

2. ತಟ್ಟೆ ಇಡುವ ಜಾಗದಲ್ಲಿ ಮೂರು ಟಬ್ ಇಡಿ: ಎಲೆ ಮತ್ತು ಗಟ್ಟಿ ಎಂಜಲಿಗೆ ಒಂದು, ಸಾಂಬಾರು-ಮಜ್ಜಿಗೆಯಂಥ ನೀರು ಪದಾರ್ಥಕ್ಕೆ ಒಂದು, ಒಣ ಕಸಕ್ಕೆ ಒಂದು. ನೀರು ಬೇರೆಯಾದರೆ ಚೀಲ ಹಗುರ, ವಾಸನೆ ಕಡಿಮೆ. ಅನಿಲ ಘಟಕಕ್ಕೆ ರಾಡಿ ನಡೆಯುತ್ತದೆ, ಗೊಬ್ಬರದ ಗುಂಡಿಗೆ ಮಾತ್ರ ಹೆಚ್ಚು ನೀರು ಆಗದು. ಜಿಡ್ಡಿನ ನೀರನ್ನು ಗಟಾರಕ್ಕೆ ಸುರಿಯಬೇಡಿ. ಜಿಡ್ಡು ಗಟ್ಟಿಯಾಗಿ ಪೈಪು ಮುಚ್ಚುತ್ತದೆ.

3. ಟಬ್ಬುಗಳ ಹತ್ತಿರ ಒಬ್ಬ ಆಳನ್ನು ಮೊದಲ ಪಂಕ್ತಿಯಿಂದ ಕೊನೆಯವರೆಗೆ ನಿಲ್ಲಿಸಿ. ಬಫೆ ಊಟಕ್ಕೆ ಇದು ಇನ್ನೂ ಅಗತ್ಯ. ಬೋರ್ಡು ಓದಿ ಹಾಕುವವರು ಕಡಿಮೆ, ಮನುಷ್ಯ ನಿಂತಿದ್ದರೆ ಎಲ್ಲರೂ ನೋಡಿ ಹಾಕುತ್ತಾರೆ.

4. ತೆಂಗಿನ ಸಿಪ್ಪೆ, ಕರಟವನ್ನು ಅನಿಲ ಘಟಕದ ಚೀಲಕ್ಕೆ ಹಾಕಬೇಡಿ. ಬಾಳೆ ಎಲೆಯ ದಿಂಡು, ಅಡಿಕೆ ಹಾಳೆ ತಟ್ಟೆ ನಾರಿನವು. ಅವು ನಿಧಾನವಾಗಿ ಕೊಳೆಯುವುದರಿಂದ ಕತ್ತರಿಸಿ ಗೊಬ್ಬರಕ್ಕೆ ಕೊಡುವುದು ಮೇಲು. ಕಾಗದದ ಲೋಟಕ್ಕೆ ಸಾಮಾನ್ಯವಾಗಿ ಒಳಗೆ ತೆಳು ಪ್ಲಾಸ್ಟಿಕ್ ಪದರವಿರುತ್ತದೆ. ಅದನ್ನು ಹಸಿ ಕಸವೆಂದು ತಿಳಿಯಬೇಡಿ.

5. ಥರ್ಮಾಕೋಲ್ ಮತ್ತು ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಕಾಲ ಮುಗಿಯಿತು. ಮಹಾರಾಷ್ಟ್ರದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಇಂಥ ವಸ್ತುಗಳಿಗೆ ನಿಷೇಧ ಬಂತು. ಮಹಾರಾಷ್ಟ್ರದ ನಿಯಮ ಮೊದಲ ತಪ್ಪಿಗೆ 5,000 ರೂಪಾಯಿ, ಎರಡನೆಯದಕ್ಕೆ 10,000 ರೂಪಾಯಿ ದಂಡ ವಿಧಿಸಿತು. ಗೋಡೌನಿನಲ್ಲಿ ಹಳೆಯ ಸ್ಟಾಕು ಉಳಿದಿದ್ದರೆ ಅದನ್ನು ಹೊರಗೆ ತೆಗೆದು ಬಳಸುವ ಯೋಚನೆ ಬೇಡ.

6. ಎಲೆಗೆ ಬೀಳದೆ ಉಳಿದ ಅಡುಗೆ ಕಸವಲ್ಲ. ಅದನ್ನು ಹಂಚುವ ಸಂಸ್ಥೆಗಳ ಫೋನ್ ನಂಬರನ್ನು ಮೊದಲೇ ಗುರುತು ಮಾಡಿಕೊಂಡು, ಬಿಸಿಯಾಗಿರುವಾಗಲೇ ಮುಚ್ಚಿದ ಪಾತ್ರೆಯಲ್ಲಿ ಕೊಡಿ. ಬಡಿಸುವವರಿಗೂ ಒಂದು ಮಾತು ಹೇಳಿ: ಕೇಳಿ ಬಡಿಸಿದರೆ ಎಲೆಯಲ್ಲಿ ಉಳಿಯುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಖರ್ಚಿನ ಮಾತು

ಇದೆಲ್ಲ ಪುಕ್ಕಟೆ ಆಗುತ್ತದೆ ಎಂದು ನಾವು ಹೇಳುವುದಿಲ್ಲ. ಟಬ್ಬಿನ ಹತ್ತಿರ ನಿಲ್ಲುವ ಆಳಿಗೆ ಕೂಲಿ ಬೇಕು. ಸ್ಟೀಲ್ ತಟ್ಟೆಗೆ ಹೋದರೆ ಬಾಡಿಗೆ, ತೊಳೆಯುವವರು, ನೀರು ಎಲ್ಲ ಬರುತ್ತವೆ. ಉತ್ತರದ ಊರುಗಳಲ್ಲಿ ಬಾಳೆ ಎಲೆ ಅಗ್ಗವಲ್ಲ. ಪ್ಲೇಟಿಗೆ ಐದು ರೂಪಾಯಿ ಕಡಿಮೆ ಹೇಳಿ ಆರ್ಡರ್ ಕಸಿದುಕೊಳ್ಳುವ ಸ್ಪರ್ಧೆಯಲ್ಲಿ ಈ ಖರ್ಚನ್ನು ದರದೊಳಗೆ ಅಡಗಿಸಿದರೆ ಸಣ್ಣವರು ಸೋಲುತ್ತಾರೆ. ಆದ್ದರಿಂದ ಅಡಗಿಸಬೇಡಿ. ಗ್ಯಾಸು, ಸಾಗಾಟ, ಕೂಲಿ ಎಂದು ಬರೆಯುವಂತೆ "ಕಸ ವಿಲೇವಾರಿ" ಎಂದು ಕೊಟೇಶನ್ನಿನಲ್ಲಿ ಬೇರೆಯೇ ಸಾಲು ಹಾಕಿ. ಒಂದು ಊರಿನ ಸದಸ್ಯರೆಲ್ಲ ಹಾಗೆ ಬರೆದರೆ ಅದೇ ರೂಢಿಯಾಗುತ್ತದೆ. ಒಬ್ಬರು ಮಾತ್ರ ಬರೆದರೆ ಅವರಿಗೆ ನಷ್ಟ. ಸಂಘ ಇರುವುದು ಇಂಥದಕ್ಕೇ.

ಖರ್ಚು ತಗ್ಗಿಸುವ ದಾರಿಯೂ ಇದೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ-ಲೋಟ ಕೊಡುವ "ಪ್ಲೇಟ್ ಬ್ಯಾಂಕ್" ನಡೆಸಿದೆ. ಕೇರಳದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟವನ್ನು ಬಿಸಾಡುವ ತಟ್ಟೆಗಳನ್ನು ದೂರವಿಡುವ "ಹಸಿರು ಶಿಷ್ಟಾಚಾರ"ದಡಿ ನಡೆಸಲಾಯಿತು. ಒಂದೇ ಬಡಾವಣೆಯ ನಾಲ್ಕೈದು ಕೇಟರರ್‌ಗಳು ಸೇರಿ ಸಾವಿರ ತಟ್ಟೆ ಕೊಂಡು ಸರದಿಯಲ್ಲಿ ಬಳಸಿದರೆ ಬಾಡಿಗೆ ಉಳಿಯುತ್ತದೆ. ಊರಿನ ಹಳ್ಳಿಗಳಲ್ಲಿ ದೇವಸ್ಥಾನದ ಪಾತ್ರೆಗಳನ್ನು ಎಲ್ಲರ ಮನೆಯ ಮದುವೆಗೂ ಕೊಂಡೊಯ್ಯುತ್ತಿದ್ದ ಪದ್ಧತಿ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ.

ಹೊರನಾಡಿನಲ್ಲಿ "ಉಡುಪಿ" ಎಂಬ ಬೋರ್ಡು ನೋಡಿದರೆ ಜನ ಶುಚಿಯೆಂದು ನಂಬಿ ಒಳಗೆ ಬರುತ್ತಾರೆ. ಆ ನಂಬಿಕೆಯನ್ನು ಗಳಿಸಿದ್ದು ತೊಳೆದ ನೆಲ, ಬಿಸಿ ನೀರಿನಲ್ಲಿ ಅದ್ದಿದ ಲೋಟ. ಅಡುಗೆಮನೆಯ ಮುಂಬಾಗಿಲಿನ ಶುಚಿ ಹಿಂಬಾಗಿಲಿಗೂ ಬರಬೇಕೆಂದು ಈಗ ಪಾಲಿಕೆ ಕೇಳುತ್ತಿದೆ. ಮುಂದಿನ ಆರ್ಡರ್ ಬರೆಯಲು ಪುಸ್ತಕ ತೆರೆದಾಗ ಆ ಒಂದು ಸಾಲು ಸೇರಿಸಿ ನೋಡಿ. ಸೇರಿಸಿದ ಮೇಲೆ ಏನು ಅನುಕೂಲವಾಯಿತು, ಏನು ತೊಂದರೆಯಾಯಿತು ಎಂದು ಸಂಘಕ್ಕೆ ಬರೆದು ತಿಳಿಸಿ. ನಿಮ್ಮ ಅನುಭವ ಇನ್ನೊಬ್ಬ ಸದಸ್ಯರಿಗೆ ದಾರಿಯಾದೀತು.