ಮೆಚ್ಚಿದವನ ಅಧಿಕಾರ

ಅಮರಕೋಶವು ವಿದ್ವಾಂಸನಿಗೆ ‘ದೋಷಜ್ಞ’ನೆಂಬ ಹೆಸರನ್ನೂ ಕೊಟ್ಟಿರುವುದು. ದೋಷವನ್ನರಿಯುವುದು ದ್ವೇಷವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಪ್ರಕಟವಾದ ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರನ್ನೇ ನೋಡೋಣ. ಅದರ ರೂಪಕ್ಕೂ ವೇಗಕ್ಕೂ ಮರುಳಾಗದವರು ವಿರಳ. ಆದರೂ ಮೆಚ್ಚಿದವರೇ, ಮೊದಲನೆಯ ಗೇರು ಸಲೀಸಾಗಿ ಬೀಳದೆಂದೂ, ಆಸನವು ಬೆನ್ನಿಗೆ ಹಿತವಲ್ಲವೆಂದೂ, ಬ್ರೇಕು ಇನ್ನಷ್ಟು ಬಲವಾಗಿರಬೇಕೆಂದೂ ಆಕ್ಷೇಪಿಸಿದರು. ನಿಂದಕನು ಕಾರನ್ನು ಬಿಟ್ಟು ನಡೆಯುವನು. ಅನುರಾಗಿಯಾದರೋ ಅದರಲ್ಲಿಯೇ ಕುಳಿತು, ದಿನವೂ ನಡೆಸಿ, ಕುಂದನ್ನು ಹೇಳುವನು. 1964ರಲ್ಲಿ ಬಂದ 4.2 ಲೀಟರಿನ ಮಾದರಿಯಲ್ಲಿ ಈ ಮೂರೂ ಸುಧಾರಿಸಿದವು. ಎಲ್ಲರೂ ಹೊಗಳಿ ಸುಮ್ಮನಿದ್ದರೆ ಅದು ಸಾಧ್ಯವಾಗುತ್ತಿತ್ತೆ?

ಆದುದರಿಂದ ಇಂತಹವನನ್ನು ಕೃತಘ್ನನೆಂದು ಹಳಿಯುವುದು ತರವಲ್ಲ. ಶಾಲೆಯಲ್ಲಿ ನಾವು ಹೆಚ್ಚಾಗಿ ತಿದ್ದಿದುದು ನಮಗೆ ಅಚ್ಚುಮೆಚ್ಚಾದ ಹುಡುಗರ ಬರೆಹವನ್ನೇ.